ಬೈಗುಳದ ಬರಗಾಲ

ಬಹಳ ಹಿಂದೆ, ಅಂದರೆ ಬೀದಿಗೆ ನಲ್ಲಿ ಬಂದ ಮೇಲೆ ಮತ್ತು ನಲ್ಲಿಗೆ ನೀರು ತಾನಾಗೇ ಬರುವ ಮೊದಲು, ಸೌಮ್ಯಪುರಿ ಎಂಬ ಒಂದು ರಾಜ್ಯವಿತ್ತು. ಅದನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜ ಕೋಮಲಕರ್ಣ ಭೂಪಾಲರು. ಒಂದು ಬೆಳಗ್ಗೆ ಪ್ರಭುಗಳ ಸವಾರಿ ತೂಬಿನ ಬೀದಿಯನ್ನು ಹಾಯುವಾಗ ಅವರ ಕಿವಿಗೊಂದು ದನಿ ಬಿತ್ತು.

“ಲೋ ಮರಿಸಿದ್ದ, ಮುಠ್ಠಾಳ ಮುಂಡೇದೆ! ನೀರ್ ಬಿಡ್ತೀಯೋ ಇಲ್ವೋ?”

ಅದು ಅಲ್ಲೇ ವಾಸವಿದ್ದ ಹೊನ್ನಾಜಮ್ಮನ ದನಿ. ಮರಿಸಿದ್ದ ಆ ಬೀದಿಯ ನೀರುಗಂಟಿ. ಬೈಸಿಕೊಳ್ಳದೆ ವಾಲ್ವ್ ತಿರುಗಿಸಿದರೆ ನೀರು ಕೆಂಪಗೆ ಬರುತ್ತದೆ ಎಂಬುದು ಅವನ ಕಸುಬಿನ ನಂಬಿಕೆ. ಅವನಪ್ಪನೂ ಬೈಸಿಕೊಂಡೇ ನಿವೃತ್ತನಾದವನು. ಬೈಗುಳ ಮುಗಿದರೆ ನೀರು ಬರುತ್ತಿತ್ತು, ಆಮೇಲೆ ಇಬ್ಬರೂ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು.

ಮಹಾರಾಜರು ಮಾತ್ರ ಎರಡೂ ಕಿವಿ ಮುಚ್ಚಿಕೊಂಡು ಅರಮನೆಗೆ ಮರಳಿದರು. ಸೌಜನ್ಯ ಖಾತೆಯ ಮಂತ್ರಿ ವಿನಯವರ್ಧನರು ಅಂದೇ ಸುಗ್ರೀವಾಜ್ಞೆ ಹೊರಡಿಸಿದರು: ರಾಜ್ಯದ ಸಮಸ್ತ ಬೈಗುಳಗಳನ್ನೂ ಮುಟ್ಟುಗೋಲು ಹಾಕಿಕೊಳ್ಳಲಾಗಿದೆ. ಬೈಯಬೇಕೆನಿಸಿದವರು ‘ಮಹನೀಯ’ ಎನ್ನತಕ್ಕದ್ದು.

ಹೊನ್ನಾಜಮ್ಮನ ಮಗಳು ಆಗಷ್ಟೇ ಹೆತ್ತಿದ್ದಳು. ಬಾಣಂತಿಗೂ ಕೂಸಿಗೂ ಎರೆಯಬೇಕು, ಹಂಡೆ ಬರಿದು. ಎದುರಿಗೆ ಪೇದೆ ಬೇರೆ ನಿಂತಿದ್ದ.

“ಮಹನೀಯ ಮರಿಸಿದ್ದನವರೇ, ದಯಮಾಡಿ ನೀರು ಬಿಡಿ.”

ಮರಿಸಿದ್ದನ ಕಣ್ಣಲ್ಲಿ ನೀರು ಬಂತು, ನಲ್ಲಿಯಲ್ಲಿ ಬರಲಿಲ್ಲ. “ಯಾಕವ್ವ, ನನ್ ಮ್ಯಾಲೆ ಮುನಿಸ್ಕೊಂಡಿದ್ದೀಯಾ? ಹಿಂಗೆಲ್ಲಾ ಅಂದ್ರೆ ನಂಗೆ ಕೈ ಓಡಕಿಲ್ಲ ಕಣವ್ವ.”

ಹೊನ್ನಾಜಮ್ಮ ಸೆರಗು ಸಿಕ್ಕಿಸಿದಳು. “ಥೂ, ಮಹನೀಯ! ನಿಮ್ಮಪ್ಪ ಮಹನೀಯ, ನಿನ್ ವಂಸಾನೇ ಮಹನೀಯ್ರು ಕಣೋ!”

ಮರಿಸಿದ್ದ ಖುಷಿಯಿಂದ ಎದ್ದು ಓಡಿದ. ಅಂದು ಕೂಸು ಮಿಂದಿತು.

ಆದರೆ ವಾರದೊಳಗೆ ರಾಜ್ಯದಲ್ಲಿ ‘ಮಹನೀಯ’ ಎಂದವರ ಕೊರಳಪಟ್ಟಿ ಹಿಡಿಯುವಂತಾಯಿತು. ಮಂತ್ರಿಗಳು ಅದನ್ನು ನಿಷೇಧಿಸಿ ‘ಸನ್ಮಾನ್ಯ’ ಕೊಟ್ಟರು. ಅದೂ ಕೆಟ್ಟಿತು. ‘ಪೂಜ್ಯ’ ಕೊಟ್ಟರು, ಮೀನುಪೇಟೆಯಲ್ಲಿ ಹೊಡೆದಾಟವಾಯಿತು. ಕೊನೆಗೆ ಪಟ್ಟಾಭಿಷೇಕದ ರಜತೋತ್ಸವ ಹತ್ತಿರವಾದಾಗ ಆಸ್ಥಾನಕವಿ, ಅಷ್ಟರಲ್ಲಾಗಲೇ ಅದೂ ಬೈಗುಳವಾಗಿದ್ದು ತಿಳಿಯದೆ, ಪ್ರಭುಗಳನ್ನು ‘ಧೀಮಂತ’ ಎಂದು ಹಾಡಿ ಜೈಲು ಸೇರಿದ. ಹೊಗಳುಭಟರೆಲ್ಲ ಬಾಯಿ ಹೊಲಿದುಕೊಂಡು ಕೂತರು.

“ಹಾಗಾದರೆ ನಮ್ಮನ್ನು ಹೊಗಳುವುದು ಹೇಗಯ್ಯಾ?” ಎಂದು ಮಹಾರಾಜರು ಬಿಕ್ಕಿದರು.

ವಿನಯವರ್ಧನರು ಕೈಜೋಡಿಸಿದರು. “ಪ್ರಭು, ಯಾರ ಎಂಜಲೂ ಆಗದ ಪದಗಳು ನಮ್ಮ ಖಜಾನೆಯಲ್ಲಿವೆ. ಮುಟ್ಟುಗೋಲು ಹಾಕಿದ ಬೈಗುಳಗಳು! ಇಷ್ಟು ದಿನ ಯಾರ ನಾಲಿಗೆಯೂ ತಾಗದೆ ಪರಿಶುದ್ಧವಾಗಿವೆ. ತಜ್ಞರ ಸಮಿತಿ ಮಡಿಯುಟ್ಟು ಪರಿಶೀಲಿಸಿದೆ. ಬ್ರ್ಯಾಂಡಿಂಗ್‌ಗೂ ಒಳ್ಳೆಯದು.”

“ನಮಗೆ ಯಾವುದು ಒಪ್ಪೀತು?”

“ಮುಠ್ಠಾಳ, ಪ್ರಭು. ನಿಮಗೇ ಹೊಲಿಸಿದ ಹಾಗಿದೆ.”

ಸರಿ, ಬಿರುದು ನಿಶ್ಚಯವಾಯಿತು. ಮುಠ್ಠಾಳ ಚಕ್ರವರ್ತಿಗಳ ಜಲಾಭಿಷೇಕಕ್ಕೆಂದು ಊರಿನ ನೀರನ್ನೆಲ್ಲ ಅರಮನೆಗೆ ತಿರುಗಿಸಲಾಯಿತು. ಮರಿಸಿದ್ದ ವಾಲ್ವ್ ತಿರುಗಿಸಿಯೇ ತಿರುಗಿಸಿದ, ಬುಸ್ಸೆಂದು ಗಾಳಿ ಬಂತು. ಕೂಸಿನ ಮೈಯೆಲ್ಲ ಬೆವರುಸಾಲೆ. ಹೊನ್ನಾಜಮ್ಮ ಖಾಲಿ ಕೊಡ ಎತ್ತಿಕೊಂಡು ಮೆರವಣಿಗೆಗೆ ಅಡ್ಡ ನಿಂತಳು. ಅವಳಿಗೆ ಈಗ ಯಾವ ಪೇದೆಯ ಭಯವೂ ಇರಲಿಲ್ಲ.

“ಲೋ ಮುಠ್ಠಾಳ! ಬಾಣಂತಿ ನೀರ್ಗೂ ಕಲ್ಲಾಕ್ದಲ್ಲೋ! ನಿನ್ ಮನೆ ಹಾಳಾಗ!”

ಆನೆ ನಿಂತಿತು. ಅಂಬಾರಿಯಲ್ಲಿ ಚಕ್ರವರ್ತಿಗಳ ಕಣ್ಣು ತುಂಬಿ ಬಂತು. “ಆಹಾ! ಇಷ್ಟು ಮನಸ್ಸಿಟ್ಟು ನಮ್ಮನ್ನು ಯಾರೂ ಹೊಗಳಿರಲಿಲ್ಲ. ಈ ತಾಯಿಗೆ ಶಾಲು ಹೊದಿಸಿ!”

ಶಾಲು ಹೊದಿಸಿದರು. ಅವಳು ಇನ್ನೂ ಬೈದಳು, ಹಾರ ಹಾಕಿದರು. ಗಂಟಲು ಕಟ್ಟುವವರೆಗೆ ಬೈದಳು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೊನೆಗೆ ದನಿ ಇಳಿಸಿ, “ಅಪ್ಪಾ, ಕೂಸ್ಗೆ ಎರೀಬೇಕು, ಒಂದ್ ಕೊಡ ನೀರ್ ಕೊಡ್ರಪ್ಪ,” ಅಂದಳು. ಅದರಲ್ಲಿ ಹೊಗಳಿಕೆಯೇನೂ ಇಲ್ಲದ್ದರಿಂದ ಮೆರವಣಿಗೆ ಮುಂದೆ ಹೋಯಿತು.

ಹೊನ್ನಾಜಮ್ಮ ಮನೆಗೆ ಬಂದು ಆ ಜರತಾರಿ ಶಾಲಿನ ಮೆತ್ತನೆಯ ಅಂಚು ಹುಡುಕಿ, ನೀರಿಲ್ಲದೆ ಅದರಿಂದಲೇ ಕೂಸಿನ ಮೈಯನ್ನು ಒರೆಸಿದಳು.