ಜುಮಾಕಾದಿರನ ಹತ್ತು ಅಭಿಮಾನಿಗಳು

ಎಲ್ಲ ಶುರುವಾದದ್ದು ಮಧ್ಯಾಹ್ನದ ನಿದ್ದೆಯಿಂದ. ನಾರಿನ್ ಪಟ್ಟಣದ ಹಿಟ್ಟಿನ ಗಿರಣಿಯಲ್ಲಿ ರಾತ್ರಿ ಪಾಳಿ ಮುಗಿಸಿ ಸಗಿನ್‌ಬೆಕ್ ಮಲಗಿದರೆ, ಕೆಳಮನೆಯ ಗೆಳೆಯ ಜುಮಾಕಾದಿರ್ ತನ್ನ ಮೂರು ತಂತಿಯ ಕೊಮುಜ್ ನುಡಿಸಲು ಕೂರುತ್ತಿದ್ದ. ಮೂವತ್ತು ವರ್ಷದ ಸ್ನೇಹ. ಎದುರಿಗೆ ಹೇಳಲು ಸಗಿನ್‌ಬೆಕ್‌ನಿಗೆ ಬಾಯಿ ಬರಲಿಲ್ಲ. ಹೋದ ವಾರ ಕಟ್ಟಡದವರ ಜಾಲತಾಣದಲ್ಲಿ ಹೆಸರು ಹಾಕದೆ ಬರೆದುಬಿಟ್ಟ: 'ಈ ಕೊಮುಜ್ ಕೇಳಿದರೆ ಕುರಿಯೂ ಮೇವು ಬಿಡುತ್ತದೆ.'

ಮಾರನೆಯ ದಿನವೇ ಕೊಮುಜ್ ಗೋಡೆಯ ಮೊಳೆ ಸೇರಿತು. ಹೆಂಡತಿ ತೀರಿಕೊಂಡ ಮೇಲೆ ಜುಮಾಕಾದಿರನಿಗೆ ಜೊತೆಗಿದ್ದದ್ದು ಅದೊಂದೇ ಎಂಬುದು ಸಗಿನ್‌ಬೆಕ್‌ನಿಗೆ ಆಗ ಹೊಳೆಯಿತು. ಸದ್ದು ನಿಂತರೂ ನಿದ್ದೆ ಬರಲಿಲ್ಲ.

ಈ ದಿನ ಬೆಳಿಗ್ಗೆ ತಪ್ಪು ತಿದ್ದಲು ಕೂತ. ಹೋದ ವಾರದಂತೆಯೇ ಗುರುತು ಮರೆಮಾಚುವ ಸಾಧನಗಳನ್ನೆಲ್ಲ ಹಾಕಿ, ಕಂಪ್ಯೂಟರಿನ ಗಡಿಯಾರವನ್ನು ಐಸ್‌ಲ್ಯಾಂಡಿನ ಸಮಯಕ್ಕೆ ತಿರುಗಿಸಿ, ಒಮ್ಮೆ ಅಜ್ಜಿಯಾಗಿ, ಒಮ್ಮೆ ಹೊಸ ಸೊಸೆಯಾಗಿ, ಹೀಗೆ ಹತ್ತು ಜನರಾಗಿ ಬೇಡಿಕೊಂಡ: 'ಕೊಮುಜ್ ನುಡಿಸಿ, ಮನೆ ಬಿಕೋ ಅನ್ನುತ್ತಿದೆ.'

ಮಧ್ಯಾಹ್ನಕ್ಕೆ ಜುಮಾಕಾದಿರ್ ಕೊಮುಜ್ ಸಮೇತ ಮೇಲೆ ಬಂದ. ಜೊತೆಗೆ ಜಾಲತಾಣ ನೋಡಿಕೊಳ್ಳುವ ಮೂರನೇ ಮಹಡಿಯ ಬೆರ್ಮೆತ್.

"ಹತ್ತು ಜನ ಕಣೋ," ಎಂದ ಜುಮಾಕಾದಿರ್. ಮುಖ ಬೆಳಗುತ್ತಿತ್ತು. "ನನ್ನ ಕೊಮುಜ್ ಬೇಕಂತೆ."

ಸಗಿನ್‌ಬೆಕ್ ಖುಷಿಯಿಂದ ಚಹಾ ಸುರಿದ, ರೊಟ್ಟಿ ಮುಂದಿಟ್ಟ.

"ಬೈದವನೂ ಸಿಕ್ತಾನೆ ತಾಳಿ," ಎಂದು ಬೆರ್ಮೆತ್ ಮೊಬೈಲ್ ತೆಗೆದಳು. "ಹೆಸರು ಬೇಕಿಲ್ಲ ಅಣ್ಣ. ಪುಟ ತೆರೆದ ಕೂಡಲೇ ಬ್ರೌಸರ್ ಪರದೆಯ ಅಳತೆ, ಅಕ್ಷರದ ಮಾದರಿ, ಗಡಿಯಾರ ಎಲ್ಲ ಒಪ್ಪಿಸುತ್ತೆ. ಸೇರಿಸಿ ನೋಡಿದ್ರೆ ಕುರಿ ಕಿವಿಗೆ ಹಾಕೋ ಗುರುತಿನ ಹಾಗೆ, ಒಬ್ಬೊಬ್ಬರದು ಒಂದೊಂದು ಥರ."

"ಮುಚ್ಚಿಟ್ಟಿದ್ರೆ?" ಎಂದು ಸಗಿನ್‌ಬೆಕ್ ಕೇಳಿದ.

"ಎಲ್ಲರ ಥರ ಕಾಣೋ ಹಾಗೆ ಮುಚ್ಚಿಡಬೇಕು. ಈ ಪುಣ್ಯಾತ್ಮ ಸಿಕ್ಕಿದ್ದೆಲ್ಲ ಹೊದ್ದಿದ್ದಾನೆ. ಬೇಸಿಗೇಲಿ ತೋಳದ ಚರ್ಮದ ಕೋಟು ಹಾಕ್ಕೊಂಡು ಸಂತೆಗೆ ಬಂದ ಹಾಗೆ, ಇಡೀ ಕಟ್ಟಡಕ್ಕೆ ಅವನೊಬ್ಬನೇ ಎದ್ದು ಕಾಣ್ತಾನೆ. ಗಡಿಯಾರ ನೋಡಿ, ನಮಗಿಂತ ಆರು ಗಂಟೆ ಹಿಂದಿದೆ." ಅವಳ ಬೆರಳು ನಿಂತಿತು. "ಇದೇನಿದು? ಹೊಗಳಿದ ಹತ್ತೂ ಇವನದೇ."

ಜುಮಾಕಾದಿರ್ ಮೇಜಿನ ಮೇಲಿದ್ದ ಕಂಪ್ಯೂಟರ್ ಕಡೆ ನೋಡಿದ. ಗೋಡೆ ಗಡಿಯಾರದಲ್ಲಿ ಹನ್ನೆರಡು ಗಂಟೆ, ಅದರಲ್ಲಿ ಆರು.

"ತಪ್ಪಾಯ್ತು ಕಣೋ," ಎಂದ ಸಗಿನ್‌ಬೆಕ್. "ಬೈದದ್ದು ನಾನೇ."

"ಬೈದದ್ದು ಬಿಡು," ಎಂದು ಜುಮಾಕಾದಿರ್ ಮೆಲ್ಲಗೆ ಎದ್ದ. "ಆ ಹತ್ತು ಜನ ಇರಬೇಕಾಗಿತ್ತು ಕಣೋ."

"ಒಂದು ಚೂರು ರೊಟ್ಟಿಯಾದ್ರೂ ಮುರಿದು ಹೋಗು."

ರೊಟ್ಟಿ ಮುಟ್ಟದೆ ಯಾರೂ ಯಾರ ಮನೆಯನ್ನೂ ಬಿಟ್ಟು ಹೋಗದ ಊರು ಅದು. ಜುಮಾಕಾದಿರ್ ಮುಟ್ಟದೆ ಇಳಿದು ಹೋದ. ಸ್ವಲ್ಪ ಹೊತ್ತಿಗೆ ಕೆಳಗೆ ಕೊಮುಜ್ ಮೊಳೆಗೆ ತಗುಲಿದ ಸದ್ದು ಕೇಳಿತು.

ಆಮೇಲೆ ಏನೂ ಕೇಳಲಿಲ್ಲ. ಸಗಿನ್‌ಬೆಕ್ ಮಲಗಿ, ಸಂಜೆಯವರೆಗೂ ಕಣ್ಣು ಬಿಟ್ಟುಕೊಂಡೇ ಇದ್ದ.