ಪರಿಣಾಮ ಬೀರಬಹುದು, ಬೀರದೆಯೂ ಇರಬಹುದು

ಸೇತುವೆ ವೆಚ್ಚ ಮಸೂದೆಯು ಹೂಡಿಕೆದಾರರ ಮೇಲೆ ಪರಿಣಾಮ ಬೀರಬಹುದು, ಬೀರದೆಯೂ ಇರಬಹುದು ಎಂದು ಸರ್ಕಾರವು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಸ್ಪಷ್ಟಪಡಿಸಿತು. ಇನ್ನೂ ಸ್ಪಷ್ಟತೆ ಬೇಕೆನ್ನುವ ಹಟಮಾರಿಗಳಿಗಾಗಿ ಮಾಹಿತಿ ಕೇಂದ್ರವೊಂದನ್ನು ತೆರೆಯಿತು.

ನಿವೃತ್ತ ಡ್ರಾಯಿಂಗ್ ಮೇಷ್ಟ್ರಿಗೆ ಸ್ಪಷ್ಟತೆ ಬೇಕಿತ್ತು, ಪಾಪ. ಸೋರುವ ಮಾಡಿನ ರಿಪೇರಿಗೆಂದು ಹೆಂಡತಿ ಕೂಡಿಟ್ಟಿದ್ದ ದುಡ್ಡನ್ನೆಲ್ಲ ಅವರು ಸಿಮೆಂಟ್ ಕಂಪನಿಯ ಷೇರಿಗೆ ಸುರಿದಿದ್ದರು. ಸೇತುವೆ ಎಂದಮೇಲೆ ಸಿಮೆಂಟ್ ಬೇಕೇ ಬೇಕಲ್ಲ.

"ಸಿಮೆಂಟ್ ತನ್ನಿ ಅಂದ್ರೆ ಸಿಮೆಂಟಿನ ಕಾಗದ ತಂದ್ರಿ," ಎಂದರು ಹೆಂಡತಿ, ಬಕೆಟ್ಟು ಸರಿಸುತ್ತಾ. "ಇಟ್ಕೊಳ್ಳೋದೋ ಮಾರೋದೋ, ಅದನ್ನಾದ್ರೂ ಕೇಳ್ಕೊಂಡು ಬನ್ನಿ."

ಕೇಂದ್ರದಲ್ಲಿ ಎರಡು ಕಿಟಕಿ. ಒಂದರಲ್ಲಿ 'ಬೀರಬಹುದು' ಎಂಬ ಪತ್ರಕ್ಕೆ ನೀಲಿ ಮೊಹರು, ಇನ್ನೊಂದರಲ್ಲಿ 'ಬೀರದೆಯೂ ಇರಬಹುದು' ಎಂಬುದಕ್ಕೆ ಕೆಂಪು. ಒಂದನ್ನೇ ಪಡೆದು ಮನೆಗೆ ಹೋಗುವುದು ನಿಯಮ ಹದಿನಾಲ್ಕರ ಪ್ರಕಾರ ಅಪರಾಧ. ಎತ್ತು ಏರಿಗೆಳೆದು ಕೋಣ ನೀರಿಗೆಳೆದರೂ ಗಾಡಿ ಸರ್ಕಾರದ್ದೇ ತಾನೆ.

"ಎರಡರಲ್ಲಿ ಯಾವುದು ನಿಜ, ಸ್ವಾಮಿ?" ಮೇಷ್ಟ್ರು ಕೇಳಿದರು.

ಗುಮಾಸ್ತ ನೊಂದುಕೊಂಡ. "ಎರಡಕ್ಕೂ ಸಾಹೇಬ್ರ ಸಹಿ ಇದೆ ಮೇಷ್ಟ್ರೇ. ಸುಳ್ಳಿಗೆ ಅವರು ಸಹಿ ಹಾಕ್ತಾರಾ?"

"ಹಾಗಾದ್ರೆ ಷೇರು ಮಾರಲೋ ಬೇಡವೋ?"

"ಅದು ಮೂರನೇ ಕಿಟಕಿ. ಇನ್ನೂ ತೆರೆದಿಲ್ಲ. ಟೋಕನ್ ತಗೊಂಡಿರಿ."

ಟೋಕನ್ ಹಿಡಿದವರ ಸಾಲು ಬೀದಿಗೆ ಬಂತು, ಮಳೆಯೂ ಬಂತು. ಹೂಡಿಕೆದಾರರು ತೊಯ್ದು ತೊಪ್ಪೆಯಾಗುವುದನ್ನು ಕಂಡು ಸಾಹೇಬರ ಕರುಳು ಚುರುಕ್ಕೆಂದಿತು. ಮಸೂದೆ ಅಷ್ಟರಲ್ಲಿ ಕಾಯ್ದೆಯಾಗಿತ್ತು. 'ಸೇತುವೆ ಹಾಗೂ ತತ್ಸಂಬಂಧಿತ ಕಾಮಗಾರಿ' ಎಂಬ ಕಲಮಿನಡಿ ಹೂಡಿಕೆದಾರರ ತಂಗುದಾಣ ಎದ್ದಿತು. ಹಿಡಿ ಸಿಮೆಂಟೂ ಸೋಕದಂತೆ ಪೂರ್ತಿ ಗಾಜಿನಲ್ಲಿ ಕಟ್ಟಿದರು. ಸಾಹೇಬರ ಭಾವಮೈದುನ ಗಾಜಿನ ವ್ಯಾಪಾರಿಯಾಗಿದ್ದುದು ಅವನ ಹಣೆಬರಹ, ಅದಕ್ಕೆ ಯಾರೇನು ಮಾಡಲಾದೀತು? ಉಳಿದ ಹಣದಲ್ಲಿ ನದಿಯ ದಡದಲ್ಲಿ 'ಇಲ್ಲಿ ಸೇತುವೆ ಬರಲಿದೆ' ಎಂಬ ಫಲಕ ನೆಟ್ಟರು.

ಸಿಮೆಂಟ್ ಷೇರು ಪಾತಾಳ ಕಂಡಿತು. ಮೇಷ್ಟ್ರು ಎರಡೂ ಪತ್ರ ಹಿಡಿದು ಓಡಿಬಂದರು. "ನಾವು ಮುಳುಗಿದ್ವಿ, ಸ್ವಾಮಿ."

ಗುಮಾಸ್ತ ನೀಲಿ ಮೊಹರಿನ ಮೇಲೆ ಬೆರಳಿಟ್ಟ. "ಬೀರಬಹುದು ಅಂತ ಮೊದಲೇ ಹೇಳಿದ್ವಲ್ಲ."

ಮೇಷ್ಟ್ರು ಕನ್ನಡಕ ಏರಿಸಿ ಓದಿದರು. ಹೌದು, ಹೇಳಿದ್ದರು. ವೃಥಾ ಕೂಗಾಡಿದೆನಲ್ಲ ಎಂದು ಅವರಿಗೆ ನಾಚಿಕೆಯಾಯಿತು.

"ಕೆಂಪು ಮೊಹರಿನದು ವಾಪಸ್ ಕೊಡಿ," ಎಂದ ಗುಮಾಸ್ತ. "ಮುಂದಿನ ಮಸೂದೆಗೆ ಬೇಕಾಗುತ್ತೆ."

ಮರುದಿನ ಮಳೆ ಜೋರಾಯಿತು. ಮನೆಯಲ್ಲಿ ಬಕೆಟ್ಟುಗಳು ಮುಗಿದವು, ಪಾತ್ರೆಗಳೂ ಮುಗಿದವು. ಹೆಂಡತಿ ಬಾಗಿಲಿಗೆ ಬೀಗ ಹಾಕಿದರು. "ಟೋಕನ್ ಇದೆಯಲ್ಲ? ನಡೀರಿ, ಅಲ್ಲಾದ್ರೂ ಒಣಗಿದ ಜಾಗದಲ್ಲಿ ಕೂರೋಣ."

ಅಂದಿನಿಂದ ಮಳೆ ಬಂದಾಗಲೆಲ್ಲ ಗಂಡಹೆಂಡತಿ ಟೀ ಫ್ಲಾಸ್ಕು ಹಿಡಿದು ತಂಗುದಾಣದಲ್ಲಿ ಕೂರುತ್ತಾರೆ. ಒಂದು ಹನಿಯೂ ಸೋರುವುದಿಲ್ಲ. ಮೂರನೇ ಕಿಟಕಿ ಇನ್ನೂ ತೆರೆದಿಲ್ಲ. ವರ್ಷದ ಕೊನೆಗೆ ಗುಮಾಸ್ತ ವರದಿಯ ಹಾಳೆ ತಂದು ಸಹಿಗೆಂದು ಮೇಷ್ಟ್ರ ಮುಂದಿಟ್ಟ. 'ಕಾಯ್ದೆಯಿಂದ ನೇರ ಪ್ರಯೋಜನ ಪಡೆದ ಹೂಡಿಕೆದಾರರು: ಇಬ್ಬರು.'

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಆಕೆ ತಲೆಯೆತ್ತಿ ಗಾಜಿನ ಮಾಡು ನೋಡಿದರು.

"ಸುಳ್ಳೇನಲ್ಲವಲ್ಲ," ಎಂದರು ಹೆಂಡತಿ. "ಹಾಕಿ ಸಹಿ."