ಹೆಣ ಕೂರಿಸುವ ಮಾವ ಮತ್ತು ನನ್ನ ಮೆಡಿಕಲ್ ಸೀಟು

ನನ್ನ ಸೋದರಮಾವ ಬ್ಯಾಡಗಿಯ ಅರ್ಧ ಊರನ್ನು ತನ್ನ ಕೈಯಾರೆ ಕೂರಿಸಿದ್ದ. ಉಳಿದ ಅರ್ಧ ಊರು ಇನ್ನೂ ಬದುಕಿತ್ತು, ಅದಕ್ಕೇ ಬಿಟ್ಟಿದ್ದ.

ಬಿಡಿಸಿ ಹೇಳದಿದ್ದರೆ ನೀವು ಅವನನ್ನು ಶಾಲೆಯ ಮಾಸ್ತರನೆಂದೋ ಪಂಚಾಯ್ತಿ ಹಿರಿಯನೆಂದೋ ತಿಳಿದುಕೊಂಡೀರಿ. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕಾಲು ಮಡಚಿಸಿ, ಬೆನ್ನನ್ನು ಗೋಡೆಗೆ ಆನಿಸಿ, ಕತ್ತು ಬಾಗದಂತೆ ಹಣೆಗೊಂದು ಬಟ್ಟೆ ಸುತ್ತಿ ಅದನ್ನು ಗೋಡೆಯ ಮೊಳೆಗೆ ಬಿಗಿದು, ವಿಭೂತಿ ಹಚ್ಚಿ, ಹೂ ಏರಿಸಿ, ಪೂಜೆಗೆ ಕೂತವರ ಹಾಗೆ ಕೂರಿಸುತ್ತೇವೆ. ಹಾಗೆ ಕೂತುಕೊಂಡೇ ಅವರು ಮಣ್ಣಿಗೆ ಹೋಗುತ್ತಾರೆ. ಕೇಳುವುದಕ್ಕೆ ಸುಲಭ. ಆದರೆ ಪ್ರಾಣ ಹೋದ ಮೈ ಕೆಲವೇ ತಾಸಿನಲ್ಲಿ ಸೆಟೆಯುತ್ತದೆ, ಆಮೇಲೆ ಯಾರ ಮಾತನ್ನೂ ಕೇಳುವುದಿಲ್ಲ. ಅಳುವವರ ನಡುವೆ ಅಪ್ಪನ ಕಾಲನ್ನೋ ಅವ್ವನ ಕಾಲನ್ನೋ ಮಡಚುವ ಧೈರ್ಯ ಯಾರಿಗಿದ್ದೀತು? ಆಗ ಯಾರಾದರೊಬ್ಬರು ಸೈಕಲ್ ಹತ್ತಿ ನಮ್ಮ ಮಾವನ ಅಂಗಡಿಗೆ ಬರುತ್ತಿದ್ದರು.

ಅದು ಸ್ಟೇಷನ್ ರಸ್ತೆಯಲ್ಲಿ ಮೊಳೆ, ಹಗ್ಗ, ಬೀಗ, ತಗಡು ಮಾರುವ ಅಂಗಡಿ. ಅದರ ಹಿಂದೆಯೇ ಎರಡು ಕೋಣೆಯ ಮನೆ. ಮಾವನಿಗೆ ಮದುವೆ ಆಗಿರಲಿಲ್ಲ. ಆಗುವುದಾದರೂ ಹೇಗೆ? ಹೆಣ್ಣು ನೋಡಲು ಹೋದ ಮನೆಯಲ್ಲಿ ಹುಡುಗಿಯನ್ನು ಬಿಟ್ಟು ಆಕೆಯ ಅಜ್ಜನ ಮೊಣಕಾಲನ್ನೇ ನೋಡುತ್ತ ಕೂತಿದ್ದನಂತೆ. "ಅಜ್ಜಾರಿಗೆ ಕಾಲ ಪೂರಾ ಮಡಚಾಕ ಬರತೈತೇನ್ರಿ?" ಎಂದು ಕೇಳಿಯೂ ಬಿಟ್ಟ. ಸಂಬಂಧ ಅಲ್ಲಿಗೇ ಮುರಿಯಿತು. ಅಜ್ಜ ಮಾತ್ರ ಎರಡು ವರ್ಷದ ಮೇಲೆ ಇವನ ಕೈಗೇ ಬಂದ.

ಕದರಮಂಡಲಗಿಯಲ್ಲಿ ನಮ್ಮ ದೂರದ ಸಂಬಂಧಿಯೊಬ್ಬರು ಹಾಸಿಗೆ ಹಿಡಿದು ತಿಂಗಳಾಗಿತ್ತು. ಗಂಜಿ ಕುಡಿಯಲೂ ಎದ್ದು ಕೂರುತ್ತಿರಲಿಲ್ಲ. ಮಾವ ನೋಡಿಕೊಂಡು ಬರಲು ಹೋಗಿ ಬಾಗಿಲಲ್ಲಿ ಕೆಮ್ಮಿದನಷ್ಟೇ. ಮುದುಕ ದಡಕ್ಕನೆ ಎದ್ದು ಕೂತು, "ನಾನ ಕುಂತೇನಿ, ನೀ ಕುಂದ್ರಸೂದು ಬ್ಯಾಡ. ಹೋಗಪಾ," ಎಂದರು. ಆಮೇಲೆ ನಾಲ್ಕು ವರ್ಷ ಬದುಕಿದರು. ಆ ಮನೆಯ ಸೊಸೆ ಮಾತ್ರ ನಮ್ಮ ಮಾವನನ್ನು ಎಂದೂ ಕ್ಷಮಿಸಲಿಲ್ಲ.

ಅವನ ಮನೆಯ ಪಡಸಾಲೆಯ ಗೋಡೆಯಲ್ಲಿ ಒಂದು ದಪ್ಪ ಮೊಳೆ ಇತ್ತು. ಕೂತ ಮನುಷ್ಯನ ತಲೆಗಿಂತ ತುಸು ಮೇಲೆ. ಅಂಗಡಿಯ ಒಳ್ಳೆಯ ಮಾಲಿನಲ್ಲಿ ಆರಿಸಿ ತಾನೇ ಬಡಿದದ್ದು. ಅದಕ್ಕೆ ಅಂಗಿ ತೂಗುಹಾಕುವಂತಿಲ್ಲ, ಕ್ಯಾಲೆಂಡರ್ ಹಾಕುವಂತಿಲ್ಲ. ಒಮ್ಮೆ ನಾನು ಕೈಚೀಲ ಸಿಕ್ಕಿಸಿದ್ದಕ್ಕೆ ಬೈದ. "ತಗೀ ಅದನ್ನ. ಅದು ನನ್ನ ಜಾಗಾ ಐತಿ." ಬೇರೆಯವರು ಮುಪ್ಪಿಗೆಂದು ಹೊಲ ಕೊಳ್ಳುತ್ತಾರೆ, ಸೈಟು ಕೊಳ್ಳುತ್ತಾರೆ. ನಮ್ಮ ಮಾವ ಒಂದು ಮೊಳೆ ಬಡಿದುಕೊಂಡಿದ್ದ.

ಪಕ್ಕದಲ್ಲಿ ಗಡಿಯಾರ ರಿಪೇರಿಯ ಚಾಚಾನ ಅಂಗಡಿ. ಇಬ್ಬರಿಗೂ ದಿನಾ ಮಧ್ಯಾಹ್ನ ಚಹಾದ ಜೊತೆ ಜಗಳ ಬೇಕು.

"ನಮ್ಮಲ್ಲಿ ನೋಡ್ರಿ, ಆರಾಮ ಮಲಗಸ್ತೀವಿ. ಜೀವಮಾನ ದುಡದಾಂವ ಸತ್ತಮ್ಯಾಲರ ಕಾಲು ಚಾಚಬೇಕೊ ಬ್ಯಾಡೋ?" ಎಂದು ಚಾಚಾ ಕೆಣಕುತ್ತಿದ್ದ.

"ಮ್ಯಾಲಿನವ ಕರದಾಗ ಮಲಗಿದಾಂವ ಕಣ್ಣು ತಿಕ್ಕೊಂಡು ಏಳೂದ್ರಾಗ ತಡಾ ಆಗತೈತಿ. ಕುಂತಾಂವ ಲಗೂ ಏಳ್ತಾನ," ಎನ್ನುತ್ತಿದ್ದ ಮಾವ.

ಇಂಥವನ ಕೈಗೆ ನನ್ನ ಓದಿನ ಭವಿಷ್ಯ ಸಿಕ್ಕಿತು. ಎಂಬತ್ತರ ದಶಕದ ಕೊನೆಯ ಮಾತು. ಹಾವೇರಿಯಲ್ಲಿ ಪಿಯುಸಿ ಮುಗಿಸಿದ ನನಗೆ ಸಿಇಟಿಯಲ್ಲಿ ಒಳ್ಳೆಯ ರ್‍ಯಾಂಕ್ ಬಂದು ಸರಕಾರಿ ಮೆಡಿಕಲ್ ಸೀಟು ಸಿಕ್ಕಿತ್ತು. ಓಣಿಯವರೆಲ್ಲ ಪೇಢೆ ತಿಂದು ಹೋದರು. ಡಾಕ್ಟರ್ ಆಗುವ ಆಸೆ ನನಗೆ ಎದೆತುಂಬ ಇತ್ತು. ಹೆಣದ ಭಯ ಅದಕ್ಕಿಂತ ಒಂದು ಗೇಣು ಹೆಚ್ಚಿತ್ತು. ನಮ್ಮಜ್ಜಿ ಸತ್ತ ದಿನ ಅಟ್ಟ ಹತ್ತಿ ಕೂತವಳು ಮಣ್ಣು ಮುಗಿಯುವತನಕ ಇಳಿದಿರಲಿಲ್ಲ. ಮೆಡಿಕಲ್ ಓದು ಶುರುವಾಗುವುದೇ ಹೆಣ ಕೊಯ್ಯುವುದರಿಂದ ಎಂದು ಗೊತ್ತಾದಾಗ ನನ್ನ ಪೇಢೆ ಗಂಟಲಲ್ಲೇ ನಿಂತಿತು.

ಮೆಡಿಕಲ್ ಎರಡನೇ ವರ್ಷದಲ್ಲಿದ್ದ ಎದುರುಮನೆಯ ಹುಡುಗ ಬಂದು ಇನ್ನಷ್ಟು ಉಪಕಾರ ಮಾಡಿದ. ಹೆಣ ಕೊಯ್ಯುವ ಕೋಣೆಯ ಔಷಧದ ವಾಸನೆ ಕೈಯಿಂದ ಹೋಗುವುದೇ ಇಲ್ಲವಂತೆ. ಊಟಕ್ಕೆ ಕೂತರೆ ಅನ್ನಕ್ಕೂ ಅದೇ ವಾಸನೆಯಂತೆ. ಸೀನಿಯರುಗಳು ಹೊಸಬರ ಬಿಳಿಕೋಟಿನ ಜೇಬಿನಲ್ಲಿ ಬೆರಳೆಲುಬು ಇಡುತ್ತಾರಂತೆ. ಹುಡುಗಿಯೊಬ್ಬಳು ಮೊದಲನೇ ದಿನವೇ ಎಚ್ಚರ ತಪ್ಪಿ ಬಿದ್ದು, ಮರುದಿನ ಟ್ರಂಕು ಹೊತ್ತು ಊರಿಗೆ ಹೋದಳಂತೆ. "ನೀವೇನ್ ಅಂಜಬ್ಯಾಡ್ರಿ," ಎಂದು ಕೊನೆಗೆ ಹೇಳಿ ಎರಡು ಪೇಢೆ ತಿಂದು ಹೋದ.

ಅಪ್ಪ ನನ್ನ ಮುಖ ನೋಡಿ ನಿಟ್ಟುಸಿರುಬಿಟ್ಟರು. "ಬ್ಯಾಡ ಬಿಡು. ಇಲ್ಲೇ ಬಿಎಸ್ಸಿ ಮಾಡು. ಅಡ್ಮಿಷನ್ನಿಗೆ ಇನ್ನ ಒಂದ ವಾರ ಐತಿ, ಅಷ್ಟ್ರಾಗ ಧೈರ್ಯ ಬಂದ್ರ ನೋಡೂಣು," ಎಂದರು. ಧೈರ್ಯವೇನು ವಾರಕ್ಕೊಮ್ಮೆ ಸಂತೆಗೆ ಬರುವ ಸಾಮಾನೇ?

ಸುದ್ದಿ ಕೇಳಿ ಮಾವ ಬ್ಯಾಡಗಿಯಿಂದ ಬಂದ. ಚಹಾ ಕುಡಿಯುತ್ತ ಅವ್ವನಿಗೆ ಹೇಳಿದ, "ಅಕ್ಕಾ, ಹುಡುಗೀನ್ನ ನನ್ನ ಕೂಡ ಕಳಸು. ಒಂದ್ ಹೆಣಾ ಮುಟ್ಟಲಿ. ಆಮ್ಯಾಲ ಡಾಕ್ಟರ್ ಆಗೂದೋ ಬಿಡೂದೋ ಆಕೀನ ಹೇಳ್ತಾಳ."

"ನಿನಗೇನ್ ತಲಿ ಕೆಟ್ಟೈತೇನೋ? ಲಗ್ನಾ ಆಗೂ ಹುಡುಗಿ ಅದು," ಎಂದು ಅವ್ವ ರೇಗಿದಳು.

"ಆಗಲಿ ಲಗ್ನ. ಹೆಣಕ್ಕ ಅಂಜದಾಕಿ ಗಂಡಗ ಅಂಜತಾಳೇನು?" ಎಂದ ಮಾವ. ಅಪ್ಪ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕರು. ನಕ್ಕದ್ದೇ ಒಪ್ಪಿಗೆಯಾಯಿತು. ನಾನು ಬ್ಯಾಡಗಿಗೆ ಹೋದೆ.

ತಮಾಷೆ ಏನೆಂದರೆ ಆ ವಾರ ಯಾರೂ ಸಾಯಲಿಲ್ಲ. ಬ್ಯಾಡಗಿಯಲ್ಲಿಲ್ಲ, ಸುತ್ತಿನ ಹಳ್ಳಿಗಳಲ್ಲೂ ಇಲ್ಲ. ಮಾವ ಅಂಗಡಿಯ ಬಾಗಿಲಲ್ಲಿ ನಿಂತು ರಸ್ತೆಯ ಆ ತುದಿ ಈ ತುದಿ ನೋಡುತ್ತಿದ್ದ. "ಏನ್ ಕಾಲ ಬಂತಪಾ, ಒಬ್ಬರೂ ಸಾಯವಲ್ರು," ಎಂದು ಚಾಚಾನ ಮುಂದೆ ಪೇಚಾಡಿದ. ಚಾಚಾ ಕಣ್ಣಿಗೆ ಕಟ್ಟಿಕೊಂಡಿದ್ದ ಭೂತಗನ್ನಡಿ ತೆಗೆಯದೆ, "ನನ್ನ ಕಡೆ ಯಾಕ ನೋಡ್ತೀರಿ? ನಾ ಮಲಗೂ ಪೈಕಿ," ಎಂದ. ನನಗಂತೂ ಒಳಗೊಳಗೇ ಸಂತೋಷ. ಇನ್ನೊಂದು ದಿನ ಹೀಗೇ ಕಳೆದರೆ ಬಿಎಸ್ಸಿ ಗಟ್ಟಿ.

ಆ ಇನ್ನೊಂದು ದಿನ ಬೆಳಿಗ್ಗೆಯೇ ರಾಣೆಬೆನ್ನೂರಿನಿಂದ ಕರೆ ಬಂತು. ಎಣ್ಣೆ ಅಂಗಡಿಯವರ ಮನೆಯ ಮುದುಕಿ ತೀರಿಕೊಂಡಿದ್ದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಇಳಿದುಹೋಗುವ ನೆಪ ಹುಡುಕುತ್ತಿದ್ದೆ. ಮಾವ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ.

ಮನೆತುಂಬ ಅಳು. ಮಾವ ಟವೆಲ್ ಸೊಂಟಕ್ಕೆ ಬಿಗಿದು ಮುದುಕಿಯ ಪಕ್ಕ ಕೂತ. ಬಿಸಿನೀರಿನ ಅರಿವೆಯನ್ನು ಮೊಣಕಾಲಿಗೆ ಒತ್ತುತ್ತ, ಬದುಕಿರುವವರೊಡನೆ ಮಾತಾಡಿದಂತೆ ಮಾತಾಡಿದ. "ಅವ್ವಾ, ಕಾಲು ಮಡಸ್ತೇನಿ. ನೋವಾದ್ರ ಹೇಳು." ನನಗೆ ನಗು ಬರಬೇಕಿತ್ತು, ಬರಲಿಲ್ಲ. ಅವನು ಅವಸರ ಮಾಡಲಿಲ್ಲ. ಒತ್ತುವುದು, ನೀವುವುದು, ತುಸು ಮಡಚುವುದು, ನಿಲ್ಲುವುದು. ಎಳೆಕೂಸಿಗೆ ಎಣ್ಣೆ ಹಚ್ಚುವವರ ಕೈ ಹಾಗೆ ಇರುತ್ತದೆ. ಆಮೇಲೆ ನನ್ನನ್ನು ಕರೆದ. "ಇಲ್ಲಿ ಪಾದ ಹಿಡಿ."

ಹಿಡಿದೆ. ತಣ್ಣಗಿತ್ತು. ಮರುಕ್ಷಣ ಹಿತ್ತಲಿಗೆ ಓಡಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಕೊಂಡೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಮಾವ, "ಪಾಸಾದಿ," ಎಂದ.

"ವಾಂತಿ ಮಾಡ್ಕೊಂಡ್ನೆಲ್ಲಾ ಮಾಮಾ?"

"ಮುಟ್ಟಿದಮ್ಯಾಲ ಮಾಡ್ಕೊಂಡಿ. ಮುಟ್ಟೂಕಿಂತ ಮೊದಲ ಮಾಡ್ಕೊಳ್ಳೋ ಮಂದಿ ಭಾಳ ಐತಿ."

ಆಮೇಲೆ ಮಾವ, ನಾನು ಕೇಳದಿದ್ದರೂ, ತನ್ನ ಅಪ್ಪನ ಸಾವಿನ ಸುದ್ದಿ ಹೇಳಿದ. ಹೊಲದ ಬದುವಿನ ಮೇಲೆ ಒಬ್ಬನೇ ಇದ್ದಾಗ ಜೀವ ಹೋಗಿತ್ತಂತೆ. ಯಾರೋ ನೋಡುವಷ್ಟರಲ್ಲಿ ಮೈ ಸೆಟೆದು ಕಟ್ಟಿಗೆಯಾಗಿತ್ತು. ಊರ ಹಿರಿಯರು ಜಗ್ಗಾಡಿ ನೋಡಿ ಕೈಬಿಟ್ಟರಂತೆ. "ನಮ್ಮಪ್ಪ ಮಲಕೊಂಡ ಹ್ವಾದ. ಆವಾಗ ನಾ ನಿನ್ನಕಿಂತ ಸಣ್ಣಾಂವ. ಬಾಜೂಕ ನಿಂತು ನೋಡಿದ್ನಿ, ಏನೂ ಮಾಡಾಕ ಬರಲಿಲ್ಲ ನನಗ," ಎಂದ. ಊರೆಲ್ಲ ನಗುತ್ತಿದ್ದ ಆ ಹುಚ್ಚಿಗೆ ಬೇರು ಎಲ್ಲಿದೆ ಎಂದು ನನಗೆ ತಿಳಿದದ್ದು ಆಗಲೇ.

ಅಡ್ಮಿಷನ್ನಿಗೆ ಅಪ್ಪನ ಜೊತೆ ಮಾವನೂ ಹೊರಟ. ಒಂದು ಡಬ್ಬಿ ಬ್ಯಾಡಗಿ ಖಾರಪುಡಿ ಹೊತ್ತು ಬಂದಿದ್ದ. ಹಾಸ್ಟೆಲ್ ವಾರ್ಡನ್ ಮೇಡಂ ಅವರನ್ನು ಹಿಂದಿನಿಂದ ನೋಡಿ, "ಬೆನ್ನು ಭಾಳ ಚಲೋ ಐತ್ರಿ ನಿಮ್ದು," ಎಂದ. ಅವರು ಹೊಗಳಿಕೆ ಎಂದುಕೊಂಡು ನಾಚಿ ನನಗೆ ಗಾಳಿ ಬರುವ ಕೋಣೆ ಕೊಟ್ಟರು. ಇವನು ಯಾವ ಕೆಲಸಕ್ಕೆ ಬೆನ್ನು ನೋಡುತ್ತಾನೆಂದು ಅವರಿಗೆ ನಾವ್ಯಾರೂ ಹೇಳಲಿಲ್ಲ.

ಹೆಣ ಕೊಯ್ಯುವ ಕೋಣೆ ನೋಡದೆ ಊರಿಗೆ ಹೋಗಲಾರೆ ಎಂದು ಮಾವ ಹಟ ಹಿಡಿದ. ಒಬ್ಬ ಅಧ್ಯಾಪಕರು ಒಳ್ಳೆಯವರು, ಕರೆದುಕೊಂಡು ಹೋದರು. ಸಾಲುಸಾಲು ಟೇಬಲ್, ಒಂದೊಂದರ ಮೇಲೂ ಅಂಗಾತ ಮಲಗಿದ ಕಪ್ಪು ಬಣ್ಣದ ದೇಹ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಮಾವ ಎರಡು ಹೆಜ್ಜೆ ಒಳಗಿಟ್ಟು ನಿಂತ. ನೋಡನೋಡುತ್ತ ಟವೆಲ್ಲನ್ನು ಸೊಂಟಕ್ಕೆ ಬಿಗಿದು, ಹತ್ತಿರದ ಮುದುಕನೊಬ್ಬನ ದೇಹದ ಹೆಗಲಡಿಗೆ ಕೈ ತೂರಿಸಿ ಎಬ್ಬಿಸಿ ಕೂರಿಸಲು ಹೊರಟೇಬಿಟ್ಟ. "ಏನ್ರಿ ಇದು, ಹಿಂಗ್ಯಾಕ ಮಲಗಿಸೀರಿ? ಹೇಳೋರು ಕೇಳೋರು ಯಾರೂ ಇಲ್ಲೇನು?" ಅಪ್ಪ ಹೋಗಿ ಅವನ ರಟ್ಟೆ ಹಿಡಿದರು.

"ಯಾರೂ ಇಲ್ಲ ಯಜಮಾನ್ರೆ," ಎಂದರು ಅಧ್ಯಾಪಕರು, ಸಿಟ್ಟಾಗದೆ. "ವಾರಸುದಾರರು ಯಾರೂ ಬರದ ಹೆಣಗಳೇ ಇಲ್ಲಿಗೆ ಬರುತ್ತವೆ. ಔಷಧ ಏರಿಸಿದ್ದೇವೆ, ಇನ್ನು ಮಡಚುವುದಿಲ್ಲ."

ಮಾವ ಕೈ ತೆಗೆದ. ಬಹಳ ಹೊತ್ತು ಆ ಮುದುಕನ ಮುಖ ನೋಡಿದ. ಆಮೇಲೆ ಟವೆಲ್ ಬಿಚ್ಚಿ ಅವನ ಮಾನ ಮುಚ್ಚಿ ಹೊರಗೆ ಬಂದ. ಬಸ್ ಹತ್ತುವಾಗ ನನಗೆ ಹೇಳಿದ್ದು ಒಂದೇ ಮಾತು. "ಕೊಯ್ಯೂ ಮುಂದ ಮಾತಾಡಿಸಿ ಮುಟ್ಟು. ಅವರಿಗೆ ಯಾರೂ ಇಲ್ಲ."

ನಾನು ಹಾಗೇ ಮಾಡಿದೆ. "ಅಜ್ಜಾ, ಕೈ ಹಿಡೀತೇನ್ರಿ, ನೋವಾದ್ರ ಹೇಳ್ರಿ," ಎಂದು ಬಾಯೊಳಗೇ ಅಂದುಕೊಂಡು ಕತ್ತಿ ಎತ್ತುತ್ತಿದ್ದೆ. ಜೊತೆಯವರು ನನಗೆ ಹುಚ್ಚು ಎಂದು ತೀರ್ಮಾನಿಸಿದರು. ಅನ್ನಕ್ಕೆ ಆ ವಾಸನೆ ಬಂದದ್ದೂ ನಿಜ. ಬ್ಯಾಡಗಿ ಖಾರಪುಡಿ ಕಲಸಿಕೊಂಡು ಉಂಡೆ. ನನ್ನ ಡಬ್ಬಿಯ ದೆಸೆಯಿಂದ ಕೋಣೆಯ ಹುಡುಗಿಯರೆಲ್ಲ ಉಂಡರು. ಹೀಗೆ ಒಂದು ವರ್ಷ ಕಳೆಯಿತು.

ಎರಡನೇ ವರ್ಷದ ನಡುವೆ ಕಾಲೇಜಿಗೆ ಫೋನ್ ಬಂತು. ಮಧ್ಯಾಹ್ನ ಉಂಡು ಅಂಗಡಿ ಹಿಂದೆ ಅಡ್ಡಾಗಿದ್ದ ಮಾವ ಎದ್ದಿರಲಿಲ್ಲ. ಚಹಾಕ್ಕೆ ಬಾರದ್ದನ್ನು ಕಂಡು ಚಾಚಾ ಸಂಜೆ ಹೋಗಿ ನೋಡಿದ್ದ. ನಾನು ಬ್ಯಾಡಗಿ ಮುಟ್ಟಿದ್ದು ಮರುದಿನ ಮುಂಜಾನೆ.

ಪಡಸಾಲೆಯಲ್ಲಿ ಮಾವ ಮಗ್ಗುಲಾಗಿ ಮಲಗಿದ್ದ. ಒಂದು ಕಾಲು ಚಾಚಿ, ಒಂದು ಕೈ ತಲೆಯಡಿ. ಸುತ್ತ ಊರಿನ ಹಿರಿಯರು ಕೂತಿದ್ದರು. ಎಲ್ಲರ ಮನೆಯ ಹಿರಿಯರನ್ನೂ ಅವನು ಕೂರಿಸಿಕೊಟ್ಟಿದ್ದ, ಕಲಿತುಕೊಂಡವರು ಒಬ್ಬರೂ ಇರಲಿಲ್ಲ. ಜಗ್ಗಿ ನೋಡಿದ್ದರು, ಎಲುಬು ಮುರಿದೀತೆಂದು ಬಿಟ್ಟಿದ್ದರು. "ಏನ್ ಮಾಡೂದು, ಮಲಗಿಸೇ ಒಯ್ಯೂಣು," ಎಂದರು ಒಬ್ಬರು. ಚಾಚಾ ಗೋಡೆಯ ಕಡೆ ತಿರುಗಿ ಅಳುತ್ತಿದ್ದ.

"ಬಿಸಿನೀರು ಕಾಸವ್ವಾ," ಎಂದೆ ನಾನು.

"ಹೆಣ್ಣಮಕ್ಕಳು ಮಾಡೂದಲ್ಲ ಇದು," ಎಂದಳು ಅವ್ವ. ಹೇಳುತ್ತಲೇ ನೀರು ಕಾಸಲು ಎದ್ದಳು.

ದುಪಟ್ಟಾ ಸೊಂಟಕ್ಕೆ ಬಿಗಿದು ಅವನ ಪಕ್ಕ ಕೂತೆ. ಪಾದ ಹಿಡಿದೆ. ತಣ್ಣಗಿತ್ತು. ಈ ಸಲ ಹಿತ್ತಲಿಗೆ ಓಡಲಿಲ್ಲ. ಬಿಸಿ ಅರಿವೆ ಒತ್ತಿದೆ, ನೀವಿದೆ, ತುಸು ಮಡಚಿದೆ, ನಿಂತೆ. ಬಿಸಿಲು ಪಡಸಾಲೆಯ ಹೊಸ್ತಿಲು ದಾಟಿ ಒಳಗೆ ಬರುವತನಕ ಮೊಣಕಾಲು ಒಪ್ಪಲಿಲ್ಲ. ಆಮೇಲೆ ಮೆಲ್ಲಗೆ ಒಪ್ಪಿತು. ಚಾಚಾ ಹಿಂದಿನಿಂದ ಹೆಗಲು ಹಿಡಿದ. ಅವನನ್ನು ಎಬ್ಬಿಸಿ ಗೋಡೆಗೆ ಆನಿಸಿದೆವು, ಹಣೆಗೆ ಬಟ್ಟೆ ಸುತ್ತಿ ಅವನ ಮೊಳೆಗೆ ಕಟ್ಟಿದೆ. ಅಳತೆ ಸರಿಯಾಗಿತ್ತು.

ನನ್ನ ಮಾವ ಕೂತ. ಅವನೆಂದರೆ ನನಗೆ ಎಷ್ಟು ಜೀವವಿತ್ತೆಂದು ಅವನಿಗೆ ಒಮ್ಮೆಯೂ ಹೇಳಿರಲಿಲ್ಲ. ಹೇಳಿದ್ದು ಒಂದೇ, ಕೆಲಸ ಶುರು ಮಾಡುವ ಮೊದಲು, ಅವನ ಕಿವಿಯ ಹತ್ತಿರ ಬಾಗಿ.

"ಮಾಮಾ, ಕಾಲು ಮಡಸ್ತೇನಿ. ನೋವಾದ್ರ ಹೇಳು."

ಹೇಳಿ, ಅವನು ಏನಾದರೂ ಅಂದಾನೆಂದು ನಾನು ಖರೇ ಕಾದಿದ್ದೆ.